ಫೋಟೊ ಇಲ್ಲದ ಬೆಟ್ಟ

ನಾನು ಹುಟ್ಟಿ ಬೆಳೆದ ಬೆಟ್ಟದಲ್ಲಿ ಯಾರ ಮನೆಯ ಗೋಡೆಯ ಮೇಲೂ ಫೋಟೊ ಇರಲಿಲ್ಲ. ಬಡತನ ಕಾರಣವಲ್ಲ, ಕ್ಯಾಮೆರಾ ಕೊಳ್ಳುವಷ್ಟು ದುಡ್ಡು ಎಲ್ಲರ ಹತ್ತಿರವೂ ಇತ್ತು. ಫೋಟೊ ಅಂದರೆ ಸಾಕ್ಷಿ ಎಂದು ನಮ್ಮವರು ನಂಬಿದ್ದರು. ನೀವು ಮಗುವಿನ ಹುಟ್ಟುಹಬ್ಬ ಅಂತ ಒಂದು ಚಿತ್ರ ತೆಗೆಯುತ್ತೀರಿ. ಅದರ ಮೂಲೆಯಲ್ಲಿ, ಮನೆಯ ಹಿಂದೆ ಕದ್ದು ಬೆಳೆದ ಗಾಂಜಾ ಗಿಡದ ಒಂದೇ ಒಂದು ಎಲೆ ಇಣುಕಿರುತ್ತದೆ. ಚಿತ್ರ ಯಾರದೋ ಕೈಯಿಂದ ಯಾರದೋ ಕೈಗೆ ಹೋಗಿ ಪೊಲೀಸರ ಮುಖ್ಯಸ್ಥ ಶೆರಿಫನ ಮೇಜಿಗೆ ಬೀಳುತ್ತದೆ. ಅಲ್ಲಿಗೆ ಸಂಸಾರ ಬೀದಿಗೆ ಬಂತು. ಹೀಗಾಗಿ ಉತ್ತರ ಕ್ಯಾಲಿಫೋರ್ನಿಯಾದ ಆ ರೆಡ್‌ವುಡ್ ಕಾಡಿನೊಳಗೆ ನಾವೊಂದು ತಲೆಮಾರು ಮಕ್ಕಳು ಮುಖದ ಗುರುತೇ ಉಳಿಯದ ಹಾಗೆ ದೊಡ್ಡವರಾದೆವು. ಐದು ವರ್ಷದಲ್ಲಿ ನನಗೆ ಮುಂದಿನ ಹಲ್ಲೆರಡೂ ಬಿದ್ದಿದ್ದವಂತೆ, ಆದರೂ ಬಾಯಿ ತುಂಬ ನಗುತ್ತಿದ್ದೆನಂತೆ. ನಮ್ಮ ಬಾಲ್ಯವೆಲ್ಲ ಬರೀ ಅಂತೆಕಂತೆ.

ಹೆಸರಿನ ಕಥೆಯೂ ಅದೇ. ಬೆಟ್ಟದಲ್ಲಿ ಒಬ್ಬರ ನಿಜವಾದ ಹೆಸರು ಕೇಳುವುದೆಂದರೆ ಸಂಬಳ ಕೇಳುವುದಕ್ಕಿಂತ ದೊಡ್ಡ ಅಧಿಕಪ್ರಸಂಗ. ಬಂದವರು ಯಾವ ಹೆಸರು ಹೇಳಿದರೋ ಅದೇ ಹೆಸರು. ನನ್ನ ಅಪ್ಪ ಅಮ್ಮ ನನಗೆ ಕ್ಲೋವರ್ ಎಂದು ಹೆಸರಿಟ್ಟರು. ಅದು ಹಸು ಮೇಯುವ ಒಂದು ಸೊಪ್ಪು. ಆ ಹೊತ್ತಿನಲ್ಲಿ ಅವರಿಗೆ ಅದು ಭಾರಿ ಚೆಂದ ಕಂಡಿರಬೇಕು, ಏನು ಸೇದಿದ್ದರೋ ಏನೋ.

ನಮ್ಮ ಮನೆಯಿಂದ ತೊರೆ ದಾಟಿದರೆ ಡಚ್ ಮತ್ತು ವ್ರೆನ್ ಎಂಬ ಗಂಡ ಹೆಂಡತಿಯ ಮನೆ. ಅವರಿಗೆ ಮಕ್ಕಳಿರಲಿಲ್ಲ, ಆದ್ದರಿಂದ ಬೆಟ್ಟದ ಮಕ್ಕಳೆಲ್ಲ ಅಲ್ಲೇ ಬಿದ್ದಿರುತ್ತಿದ್ದೆವು. ವ್ರೆನ್ ಎಂಬುದು ಬೆರಳುದ್ದದ ಒಂದು ಹಕ್ಕಿಯ ಹೆಸರು. ಹೆಂಗಸು ಮಾತ್ರ ಆರಡಿ ಎತ್ತರ, ದನಿ ಕೇಳಿದರೆ ಕರಡಿಯೂ ದಾರಿ ಬಿಡಬೇಕು. ಡಚ್ ಅವಳ ಭುಜಕ್ಕೆ ಬರುತ್ತಿದ್ದ. ಮಾತೂ ಅಷ್ಟೇ ಗಿಡ್ಡ. ಅವಳು ದಿನವಿಡೀ ಬೈಯುವಳು, ಅವನು ದಿನವಿಡೀ ಬೈಸಿಕೊಳ್ಳುವನು. ಇಬ್ಬರ ಮೈಗೂ ಅದು ಚೆನ್ನಾಗಿ ಹತ್ತಿತ್ತು.

ಒಂದು ಬೇಸಿಗೆಯಲ್ಲಿ ನನ್ನ ಅಮ್ಮನ ದೊಡ್ಡಪ್ಪನ ಮಗ ಓಹಾಯೋದಿಂದ ಬಂದ. ಕೊರಳಲ್ಲಿ ಹೊಸ ಕ್ಯಾಮೆರಾ. ಬೆಟ್ಟ, ತೊರೆ, ಮಕ್ಕಳು ಅಂತ ಕ್ಲಿಕ್ಕಿಸುತ್ತಾ ವ್ರೆನ್‌ಳ ಅಂಗಳಕ್ಕೂ ಹೋದ. ವ್ರೆನ್ ಅವನನ್ನು ಪ್ರೀತಿಯಿಂದಲೇ ಕೂರಿಸಿದಳು.

"ಚೆನ್ನಾಗಿದೆಯಪ್ಪ ಕ್ಯಾಮೆರಾ. ಎಲ್ಲಿ ಕೊಡು, ನೋಡೋಣ," ಅಂದಳು.

ಅವನು ಪಾಪ, ಕೊಟ್ಟ. ವ್ರೆನ್ ಅದರ ಬೆನ್ನು ತೆರೆದು, ಒಳಗಿನ ರೀಲನ್ನು ಮೀನಿನ ಕರುಳು ಕೀಳುವ ಹಾಗೆ ಸರ್ರನೆ ಎಳೆದು ಬಿಸಿಲಿಗೆ ಹಿಡಿದಳು. ಆಮೇಲೆ ಕ್ಯಾಮೆರಾ ವಾಪಸು ಕೊಟ್ಟು, ಒಳಗೆ ಹೋಗಿ ಕಾಡುಹಣ್ಣು ತುಂಬಿ ಬೇಯಿಸಿದ ಪೈ ತಂದು ಅವನ ತೊಡೆಯ ಮೇಲೆ ಇಟ್ಟಳು.

"ತಿನ್ನು. ನೋಡಿದ್ದನ್ನೆಲ್ಲ ತಲೇಲಿ ಇಟ್ಕೊಂಡು ಹೋಗು. ತಲೆ ಯಾರೂ ಜಪ್ತಿ ಮಾಡಲ್ಲ."

ಅವನು ಅಳುಮೋರೆ ಹಾಕಿಕೊಂಡು ತಿಂದ. ಎರಡನೇ ತುಂಡನ್ನೂ ಕೇಳಿ ಹಾಕಿಸಿಕೊಂಡ, ವ್ರೆನ್‌ಳ ಪೈ ಅಂಥದ್ದು.

ಈಗ ನನಗೆ ಆ ದಿನಗಳ ಮೇಲೆ ಎಲ್ಲಿಲ್ಲದ ಆಸೆ. ಶರತ್ಕಾಲ ಬಂತೆಂದರೆ ಅವರ ಅಡುಗೆಮನೆಯ ಉದ್ದನೆಯ ಮೇಜಿನ ಸುತ್ತ ಹತ್ತು ಜನ ಕೂತು, ಸಣ್ಣ ಕತ್ತರಿ ಹಿಡಿದು, ಒಣಗಿದ ಗಾಂಜಾ ಹೂವಿನ ಎಲೆ ಸವರುತ್ತಿದ್ದರು. ಬೆರಳಿಗೆ ಮೆತ್ತಿದ ಅಂಟು ಹೋಗಲು ಅಡುಗೆ ಎಣ್ಣೆ. ಒಲೆಯ ಮೇಲೆ ಹುರುಳಿಕಾಯಿ ಸಾರು, ಮೂಲೆಯಲ್ಲಿ ಯಾರೋ ನುಡಿಸುವ ಬ್ಯಾಂಜೊ. ಊರ ಸುದ್ದಿಯೆಲ್ಲ ಆ ಮೇಜಿನ ಮೇಲೆ ಕತ್ತರಿಗೆ ಸಿಕ್ಕುತ್ತಿತ್ತು. ಗಾಂಜಾ ತೋಟ ಹುಡುಕುವ ಪೊಲೀಸರ ಹೆಲಿಕಾಪ್ಟರಿನ ಸದ್ದು ಕೇಳಿದರೆ ಎಲ್ಲರೂ ಒಟ್ಟಿಗೆ ಸುಮ್ಮನಾಗಿ ಛಾವಣಿ ನೋಡುವರು, ಅದು ದಾಟಿ ಹೋದ ಮೇಲೆ ಬಿಟ್ಟ ವಾಕ್ಯದಿಂದಲೇ ಮಾತು ಮುಂದುವರಿಸುವರು. ಭಯ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಆ ಭಯದಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಅಂಟಿಕೊಂಡಿದ್ದೆವು.

ಆಮೇಲೆ ಜನ ಮತ ಹಾಕಿದರು, ರಾಜ್ಯದಲ್ಲಿ ಗಾಂಜಾ ಸಕ್ರಮವಾಯಿತು. ಹೆಲಿಕಾಪ್ಟರ್ ಹೋಗಿ ನಿಯಮ ಬಂತು.

ಕೆಳಗಿನ ಊರಿನಲ್ಲಿ ಲೈಸೆನ್ಸ್ ಪಡೆದ ಅಂಗಡಿ ತೆರೆದಾಗ ಅದನ್ನು ನೋಡಿಕೊಳ್ಳುವ ಕೆಲಸ ನನಗೆ ಸಿಕ್ಕಿತು. ಬೆಟ್ಟದಲ್ಲಿ ಓದು ಬರಹ ಸಹನೆ ಮೂರೂ ಇದ್ದವಳು ನಾನೊಬ್ಬಳೇ ಅಂತ ಡಚ್ ಹೇಳುತ್ತಿದ್ದ. ಸಹನೆ ಎಂದೋ ಮುಗಿದುಹೋಯಿತು. ಮೈಗೆ ಒಳ್ಳೆಯದು ಅಂತ ಹೇಳಬಾರದು. ನಿದ್ದೆ ಬರುತ್ತದೆ ಅಂತ ಹೇಳಬಾರದು. ಡಬ್ಬಿಯ ಮೇಲೆ ಹಣ್ಣು, ಗೊಂಬೆ, ಮುದ್ದಾದ ಪ್ರಾಣಿ ಬರೆಯಬಾರದು, ಮಕ್ಕಳಿಗೆ ಆಸೆಯಾಗುತ್ತದೆ. ಪುಕ್ಕಟೆ ಕೊಡಬಾರದು. ಕಣ್ಣೆದುರೇ ತೊಂಬತ್ತರ ಮುದುಕ ನಿಂತಿದ್ದರೂ ಇಪ್ಪತ್ತೊಂದು ತುಂಬಿದೆಯೇ ಎಂದು ಗುರುತಿನ ಚೀಟಿ ನೋಡಬೇಕು. ಪತ್ರಿಕೆಗೆ ಜಾಹೀರಾತು ಕೊಡಬೇಕಾದರೆ ಅದರ ಓದುಗರಲ್ಲಿ ಹೆಚ್ಚಿನ ಪಾಲು ವಯಸ್ಕರೇ ಎಂದು ಸಾಬೀತು ಮಾಡಬೇಕು. ನಮ್ಮ ಕಣಿವೆಯ ವಾರಪತ್ರಿಕೆ ಓದುವವರೆಲ್ಲ ಮಂಡಿನೋವಿನವರು, ಆದರೂ ಸಾಬೀತು. ಡಬ್ಬಿಗಳಿಗೆ ಮಕ್ಕಳು ತೆಗೆಯಲಾಗದ ಮುಚ್ಚಳ ಹಾಕಿದರು. ಮಕ್ಕಳ ಮಾತು ಗೊತ್ತಿಲ್ಲ, ನಲವತ್ತು ವರ್ಷ ಕತ್ತರಿ ಹಿಡಿದು ಬೆರಳು ಸೊಟ್ಟಗಾದ ನಮ್ಮ ಮುದುಕರಿಗಂತೂ ಬರಲಿಲ್ಲ. ಡಚ್ ತಾನೇ ಬೆಳೆದ ಹೂವಿನ ಡಬ್ಬಿಯನ್ನು ಸುತ್ತಿಗೆಯಲ್ಲಿ ಒಡೆದ.

ಆ ದಿನಗಳಲ್ಲೇ ಪಟ್ಟಣದಿಂದ ಟಾಡ್ ಎಂಬ ಒಬ್ಬ ಬಂದ. ಡಬ್ಬಿಗೆ ಹೆಸರು, ಬಣ್ಣ, ಕಥೆ ಕಟ್ಟಿಕೊಡುವುದು ಅವನ ಕಸುಬು. ಸಣ್ಣ ಬೆಳೆಗಾರರನ್ನೆಲ್ಲ ಸಮುದಾಯ ಭವನದಲ್ಲಿ ಕೂರಿಸಿ ಪಾಠ ಮಾಡಿದ.

"ಗಿರಾಕಿ ಈಗ ಬರೀ ಹೂವು ಕೊಳ್ಳಲ್ಲ, ನಿಮ್ಮ ಕಥೆ ಕೊಳ್ತಾನೆ. ನಿಮ್ಮ ಹಳೇ ಫೋಟೊಗಳನ್ನ ತನ್ನಿ. ಎಪ್ಪತ್ತರ ದಶಕದ್ದು ಇದ್ರೆ ಬಂಗಾರ. ಒಂದು ಷರತ್ತು, ಫೋಟೊದಲ್ಲಿ ಇರೋರು ಇಪ್ಪತ್ತೊಂದು ದಾಟಿದೋರ ಹಾಗೆ ಕಾಣಬೇಕು, ನಿಯಮ ಹಾಗಿದೆ."

 ಸಭೆಯ ನಡುವಿನಿಂದ ವ್ರೆನ್ ಎದ್ದಳು.

"ಮಗೂ, ನಲವತ್ತು ವರ್ಷ ನಾನಿಲ್ಲಿ ಇದೀನಿ ಅನ್ನೋದೇ ಯಾರಿಗೂ ಗೊತ್ತಾಗ್ದಿರೋ ಹಾಗೆ ಬದುಕಿದೋಳು ನಾನು. ಈಗ ನನ್ನ ಮೂತೀನ ಡಬ್ಬಿ ಮೇಲೆ ಅಂಟಿಸ್ತೀಯಾ?"

"ಹಾಗಲ್ಲ ಮೇಡಂ, ಒಂದೇ ಒಂದು ಫೋಟೊನಾದ್ರೂ..."

"ಇಲ್ಲ."

"ಮದುವೇದು?"

"ಮದುವೆ ದಿನ ಇವನು ಕೇಳಿದ್ದ, ಬೇಡ ಅಂದೆ. ಇವನಿಗೇ ಕೊಡದೇ ಇರೋದನ್ನ ನಿಂಗೆ ಕೊಡ್ತೀನಾ?" ಅಂತ ಪಕ್ಕದಲ್ಲಿದ್ದ ಡಚ್‌ನ ಬೆನ್ನಿಗೊಂದು ಗುದ್ದಿದಳು. ಡಚ್ ಕಾಫಿ ಚೆಲ್ಲಿಕೊಂಡು ನಕ್ಕ. ಟಾಡ್ ಕೊನೆಗೆ ಎಲ್ಲರ ಡಬ್ಬಿಯ ಮೇಲೂ ಒಂದೊಂದು ಮರದ ಚಿತ್ರ ಹಾಕಿಸಿ, ದುಡ್ಡು ಎಣಿಸಿಕೊಂಡು ಹೋದ.

ಎಲ್ಲ ನಿಯಮಕ್ಕಿಂತ ಬೆಟ್ಟದವರ ನಿದ್ದೆ ಕೆಡಿಸಿದ್ದು ಕ್ಯಾಮೆರಾದ ನಿಯಮ. ಅಂಗಡಿಯ ಬಾಗಿಲು, ಮಾಲು ತೋರಿಸುವ ಕಟ್ಟೆ, ಗಲ್ಲಾ, ದಾಸ್ತಾನು ಕೋಣೆ, ಎಲ್ಲ ಕಡೆ ಹಗಲು ರಾತ್ರಿ ಕ್ಯಾಮೆರಾ ಓಡಬೇಕು. ತೆಗೆದದ್ದನ್ನು ತೊಂಬತ್ತು ದಿನ ಇಟ್ಟಿರಬೇಕು. ತೊಂಬತ್ತು ತುಂಬಿದ ದಿನವನ್ನು ಯಂತ್ರ ತಾನೇ ಅಳಿಸಿ, ಆ ಜಾಗದಲ್ಲಿ ಹೊಸ ದಿನ ಬರೆದುಕೊಳ್ಳುತ್ತದೆ. ಮೊದಲ ವರ್ಷ ನಮ್ಮವರು ಅಂಗಡಿಗೆ ಬರುತ್ತಿದ್ದ ಚೆಂದ ನೋಡಬೇಕಿತ್ತು. ಯಾವ ತಪ್ಪೂ ಮಾಡದ ಜನ ಬ್ಯಾಂಕು ದೋಚುವವರ ಹಾಗೆ ಟೋಪಿ, ಶಾಲು, ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಗುಂಟ ನಡೆದು ಬರುವರು.

ಉಳಿದವರಿಗೆ ಕ್ರಮೇಣ ರೂಢಿಯಾಯಿತು. ವ್ರೆನ್‌ಗೆ ಆಗಲಿಲ್ಲ. ಪ್ರತಿ ಶುಕ್ರವಾರ ಅಗಲ ಅಂಚಿನ ಹುಲ್ಲಿನ ಟೋಪಿ ಹಾಕಿಕೊಂಡು ಬರುವಳು. ಗಲ್ಲಾದ್ದನ್ನು ಬಿಟ್ಟರೆ ಕ್ಯಾಮೆರಾಗಳೆಲ್ಲ ಮೇಲಿನಿಂದ ನೋಡುತ್ತವೆ, ಅವಳು ಬಾಗಿ ಟೋಪಿಯ ಅಂಚಿನ ಕೆಳಗಿನಿಂದ ನನಗೊಬ್ಬಳಿಗೇ ಮುಖ ತೋರಿಸುವಳು. ಗುರುತಿನ ಚೀಟಿಯನ್ನು ಅಂಗೈಯಲ್ಲಿ ಮರೆ ಮಾಡಿ ಹಿಡಿಯುವಳು. ಮೊದಲ ಸಲ ಅದರಲ್ಲಿ ಫಿಲಿಸ್ ಎಂಬ ಹೆಸರು ನೋಡಿ ನಾನು ಬಾಯಿ ತೆರೆದೆ.

"ಓದಿದ್ದನ್ನ ನುಂಗ್ಬಿಡು," ಅಂದಳು. ನುಂಗಿದೆ.

ಅವಳು ಬರುತ್ತಿದ್ದದ್ದು ಕೊಳ್ಳಲಿಕ್ಕಲ್ಲ. ಕೊಂಡರೆ ಗಲ್ಲಾದ ಮುಂದೆ ನಿಲ್ಲಬೇಕು, ಅಲ್ಲಿನ ಕ್ಯಾಮೆರಾ ಮುಖದ ನೇರಕ್ಕೇ ಇದೆ. ಬೆಳೆದವರು ನೇರವಾಗಿ ಮಾರುವ ಹಾಗಿಲ್ಲ. ಅವರ ಹೂವು ವಿತರಕನ ಗೋದಾಮಿಗೆ ಹೋಗಿ, ಪ್ರಯೋಗಾಲಯದಲ್ಲಿ ಪಾಸಾಗಿ, ಚೀಟಿ ಅಂಟಿಸಿಕೊಂಡು ನಮ್ಮ ಕಟ್ಟೆಗೆ ಬರುತ್ತದೆ. ಅದು ಹೇಗಿದೆ ಅಂತ ನೋಡಲು, ಮದುವೆ ಮಾಡಿಕೊಟ್ಟ ಮಗಳನ್ನು ನೋಡಿಕೊಂಡು ಹೋಗುವ ಹಾಗೆ ಅವಳು ಬರುತ್ತಿದ್ದಳು. ಬಂದು ನನ್ನ ತಪ್ಪು ಹುಡುಕುವಳು. ಬಿಸಿಲಿಗೆ ಇಟ್ಟಿದೀಯಾ, ಮುಚ್ಚಳ ಸಡಿಲ ಮಾಡಿದೀಯಾ, ನಿಮ್ಮಮ್ಮ ನಿಂಗೆ ಇದನ್ನೇ ಕಲಿಸಿದ್ದಾ?

ಕಳೆದ ಡಿಸೆಂಬರಿನಲ್ಲಿ, ಇಂಥ ಒಂದು ಶುಕ್ರವಾರ ಕಳೆದು ಭಾನುವಾರ, ವ್ರೆನ್ ಕೋಳಿಗೂಡಿನ ಹತ್ತಿರ ಬಿದ್ದಳು. ಡಚ್ ಓಡಿ ಬರುವುದರೊಳಗೆ ಮುಗಿದಿತ್ತು.

ಸಮುದಾಯ ಭವನದಲ್ಲಿ ಎಲ್ಲರೂ ಸೇರಿದೆವು. ಒಬ್ಬೊಬ್ಬರು ಒಂದೊಂದು ಅಡುಗೆ ಮಾಡಿಕೊಂಡು ಬಂದಿದ್ದರು. ಮುಂದಿನ ಮೇಜಿನ ಮೇಲೆ ಹೂವು, ಮೇಣದ ಬತ್ತಿ ಎಲ್ಲ ಇಟ್ಟ ಮೇಲೆ ನಡುವೆ ಒಂದು ಜಾಗ ಖಾಲಿ ಉಳಿಯಿತು. ಯಾವ ಸಾವಿನ ಮನೆಯಲ್ಲೂ ಅಲ್ಲಿ ಫೋಟೊ ಇರುತ್ತದೆ. ಯಾರೋ ಮೆಲ್ಲಗೆ, ವಾಹನದ ಲೈಸೆನ್ಸಿನಲ್ಲಿ ಒಂದು ಇರಬೇಕಲ್ಲ ಅಂದರು. ಡಚ್ ಜೇಬಿನಿಂದ ಅದನ್ನು ತೆಗೆದು, ಒಂದು ಗಳಿಗೆ ನೋಡಿ, ಮತ್ತೆ ಜೇಬಿಗೆ ಇಟ್ಟುಕೊಂಡ.

"ಇದು ಅವಳಲ್ಲ. ಸರ್ಕಾರಕ್ಕೆ ಅಂತ ಹಾಕಿದ್ದ ಮುಖ," ಅಂದ.

ಅಂಗಡಿಯಲ್ಲಿ ಗುರುತಿಗೆಂದು ಅವಳು ತೋರಿಸುತ್ತಿದ್ದದ್ದು ಅದೇ ಲೈಸೆನ್ಸು, ನಾನೂ ನೋಡಿದ್ದೆನಲ್ಲ. ತುಟಿ ಬಿಗಿದು, ಕಣ್ಣು ಕಲ್ಲು ಮಾಡಿಕೊಂಡ ಯಾವಳೋ ಫಿಲಿಸ್. ವ್ರೆನ್‌ಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಫೆಬ್ರವರಿ ಕೊನೆಗೆ ಒಂದು ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಡಚ್ ಬಂದು ಬಾಗಿಲಲ್ಲಿ ನಿಂತಿದ್ದ. ಗಡ್ಡ ಬಿಟ್ಟಿದ್ದ. ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು.

"ಒಳಗೆ ಬಾ, ಕಾಫಿ ಕುಡಿ," ಅಂದೆ.

"ಕಾಫಿ ಬೇಡ ಕಣೇ ಕ್ಲೋವರ್." ಮಾತು ಹುಡುಕಿದ. "ನಂಗೆ ಅವಳ ಮುಖ ಮರೀತಾ ಇದೆ."

ನಾನು ಬೀಗ ತೆಗೆದು ಬಾಗಿಲು ತಳ್ಳಿದೆ.

"ದನಿ ಇದೆ. ಬೆಳಗಾಗೆದ್ರೆ ಬೈತಾನೇ ಇರ್ತಾಳೆ ಕಿವೀಲಿ. ನಡಿಗೆ ಇದೆ. ಮುಖ ತಂದ್ಕೊಳೋಕೆ ಹೋದ್ರೆ ಆ ಲೈಸೆನ್ಸಿಂದೇ ಬಂದು ಕೂರುತ್ತೆ. ಅದನ್ನ ಯಾಕಾದ್ರೂ ನೋಡಿದ್ನೋ. ನಿನ್ನೆ ಇಡೀ ದಿನ ಕೂತೆ ಕಣೇ, ಬರ್ಲಿಲ್ಲ ಅವಳು." ಅವನು ತಲೆಯೆತ್ತಿ ಬಾಗಿಲ ಮೇಲಿನ ಕ್ಯಾಮೆರಾ ನೋಡಿದ. "ನಿನ್ನ ಆ ದರಿದ್ರ ಕ್ಯಾಮೆರಾದಲ್ಲಿ ಇರ್ತಾಳಾ?"

ನಾನು ಮನಸ್ಸಿನಲ್ಲೇ ದಿನ ಎಣಿಸಿದೆ. ಅವಳು ಬಂದ ಶುಕ್ರವಾರಗಳಲ್ಲಿ ಎರಡು ಮಾತ್ರ ಉಳಿದಿದ್ದವು. ಒಂದು ಈ ರಾತ್ರಿ ಅಳಿಸಿಹೋಗುತ್ತದೆ, ಕೊನೆಯದು ಮುಂದಿನ ವಾರ. ಗಿರಾಕಿಯ ಚಿತ್ರವನ್ನು ಇನ್ನೊಬ್ಬರಿಗೆ ತೋರಿಸಬಹುದೋ ಇಲ್ಲವೋ ಎಂದೂ ಯೋಚಿಸಿದೆ. ಅಧಿಕಾರಿ ಕೇಳಿದರೆ ತೋರಿಸಬೇಕು ಅಂತ ನಿಯಮದಲ್ಲಿದೆ. ಗಂಡ ಕೇಳಿದರೆ ಏನು ಮಾಡಬೇಕು ಅಂತ ಅದನ್ನು ಬರೆದವರು ಯೋಚಿಸಿರಲಿಲ್ಲ. ನಿಯಮ ಹಾಳಾಗಿ ಹೋಗಲಿ ಅಂದುಕೊಂಡೆ.

ಹಿಂದಿನ ಕೋಣೆಗೆ ಹೊರಗಿನವರು ಬರಬೇಕಾದರೆ ಕೊರಳಿಗೆ 'ಸಂದರ್ಶಕ' ಎಂಬ ಬಿಲ್ಲೆ ಹಾಕಿಕೊಳ್ಳಬೇಕು. ಹಾಕಿದೆ.

"ಹೆಂಡ್ತಿ ನೋಡೋಕೂ ಬಿಲ್ಲೆ?" ಅಂದ ಡಚ್.

"ಸುಮ್ನೆ ಹಾಕ್ಕೊಳೋ. ಇರೋ ಒಂದು ಕೆಲಸಾನೂ ಕಳೀಬೇಡ ನಂಗೆ."

ಮೊದಲು ಹಳೆಯ ಶುಕ್ರವಾರ ಹಾಕಿದೆ. ಬಾಗಿಲಲ್ಲಿ ಟೋಪಿ ಬಂತು. ಕಟ್ಟೆಯ ಹತ್ತಿರ ಟೋಪಿ, ಕಿಟಕಿಯ ಹತ್ತಿರ ಟೋಪಿ. ಟೋಪಿ ನನ್ನ ಮುಖದ ಮುಂದೆ ಕೈ ಆಡಿಸಿತು, ನಾನು ತಲೆ ತಗ್ಗಿಸಿದೆ. ಡಚ್ ಮೊದಲು ನಕ್ಕ.

"ನೋಡು ಅವಳ ಜಾಣತನ! ಹೆಲಿಕಾಪ್ಟರಿಗೇ ಸಿಗ್ದಿರೋಳು ಇದಕ್ಕೆ ಸಿಗ್ತಾಳಾ?"

ಬೇರೆ ಕ್ಯಾಮೆರಾ ಹಾಕಿದೆ. ಅದರಲ್ಲೂ ಟೋಪಿಯೇ. ಇನ್ನೊಂದರಲ್ಲಿ ಬೆನ್ನು. ಅವಳು ಬಾಗಿಲು ದಾಟಿ ಹೊರಗೆ ಹೋದಾಗ ಡಚ್ ನಗುವುದನ್ನು ಬಿಟ್ಟಿದ್ದ.

"ಇನ್ನೊಂದಿದೆಯಲ್ಲ?"

"ಇದೆ."

"ಹಾಕು. ಹಾಕು ಬೇಗ."

ಕೊನೆಯ ಶುಕ್ರವಾರ. ಹೊರಗೆ ಮಳೆ ಇದ್ದಿರಬೇಕು, ಟೋಪಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬಂದಳು, ಬೈದಳು. ಕಟ್ಟೆಯ ಮೇಲೆ ಬೆರಳು ಕುಟ್ಟಿದಳು. ಡಚ್ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಾಗಿ, "ಈ ಕಡೆ ತಿರುಗೇ, ಒಂದ್ಸಲ ತಿರುಗೇ," ಅಂತ ಗೊಣಗುತ್ತಿದ್ದ.  ಸುಮ್ಮನೆ ಇಲ್ಲ ಎಂದುಬಿಡಬೇಕಿತ್ತು, ಇವನಿಗೆ ಈ ಆಸೆ ಹುಟ್ಟಿಸಬಾರದಿತ್ತು ಅನ್ನಿಸಿತು.

ಪರದೆಯಲ್ಲಿ ನಾನು ಕಪಾಟಿನಿಂದ ಗಾಜಿನ ಭರಣಿ ತೆಗೆದೆ. ಅವರದೇ ಹೊಸ ಬೆಳೆ, ಆ ವಾರವಷ್ಟೇ ಬಂದದ್ದು. ಗಿರಾಕಿ ಹೂವು ಮುಟ್ಟುವ ಹಾಗಿಲ್ಲ, ಅಂಗಡಿಯವರು ಭರಣಿ ಹಿಡಿದುಕೊಂಡರೆ ಬಾಗಿ ಮೂಸಬಹುದು. ಹಿಡಿದೆ. ಟೋಪಿ ಭರಣಿಯ ಮೇಲೆ ಬಾಗಿತು. ಬಹಳ ಹೊತ್ತು ಹಾಗೇ ಇತ್ತು.

ಆಮೇಲೆ ವ್ರೆನ್ ಉಸಿರು ಒಳಗೆಳೆದುಕೊಂಡು, ಕಣ್ಣು ಮುಚ್ಚಿ, ತಲೆಯನ್ನು ಪೂರಾ ಹಿಂದಕ್ಕೆ ಚೆಲ್ಲಿದಳು. ಟೋಪಿ ಜಾರಿ ಬೆನ್ನಿಗೆ ಬಿತ್ತು.

ಮುಖ ನೇರ ಮೇಲಕ್ಕೆ, ಕ್ಯಾಮೆರಾಕ್ಕೇ ಒಡ್ಡಿದ ಹಾಗೆ. ಬಿಳಿ ಜಡೆ, ಗಲ್ಲದ ಮೇಲಿನ ಹಳೇ ಗಾಯದ ಗೀರು, ಮಳೆಯಲ್ಲಿ ಕೆಂಪಾದ ಮೂಗು. ಅವಳು ನಗುತ್ತಿದ್ದಳು. ಬೈಯುವ ವ್ರೆನ್‌ಳನ್ನು ನಾವೆಲ್ಲ ಕಂಡವರೇ. ಹೀಗೆ ನಗುವ ವ್ರೆನ್‌ಳನ್ನು ಅವಳ ಮನೆಯ ಮೇಜಿನ ಸುತ್ತ ಕೂತವರು ಮಾತ್ರ ಬಲ್ಲರು. ನಾನು ತಟ್ಟನೆ ಚಿತ್ರ ನಿಲ್ಲಿಸಿದೆ.

ಡಚ್ ಕೈ ಚಾಚಿದ. ಬೆರಳಿನ ತುದಿಯಿಂದ ಪರದೆಯ ಮೇಲೆ ಆ ಗೀರನ್ನು ಮುಟ್ಟಿದ.

"ಬಂದ್ಲು," ಅಂದ. "ಇವಳೇ. ಇವಳೇ ಕಣೇ ನನ್ನ ವ್ರೆನ್."

ನಾನು ಅಳುತ್ತಿದ್ದೆ. ಅವನೂ ಅಳುತ್ತಿದ್ದ, ಮೂಗು ಒರೆಸಿಕೊಳ್ಳುವುದೂ ನೆನಪಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮುಂದೆ ಓಡಿಸು ಅಂದ. ಓಡಿಸಿದೆ. ವ್ರೆನ್ ಕಣ್ಣು ತೆರೆದು, ನನ್ನ ಕಡೆ ಬಾಗಿ, ಬಾಯಿಗೆ ಕೈ ಅಡ್ಡ ಹಿಡಿದು ಏನೋ ಹೇಳಿದಳು. ಆಮೇಲೆ ಟೋಪಿ ಎಳೆದುಕೊಂಡು ಹೊರಟುಹೋದಳು. ನಮ್ಮ ಕ್ಯಾಮೆರಾಗಳಿಗೆ ದನಿಯಿಲ್ಲ.

"ಏನಂದ್ಲು?"

"ಬಿಡು ಡಚ್."

"ಏನಂದ್ಲು, ಹೇಳೇ!"

"ಈ ವರ್ಷದ ಹೂವು ಡಚ್ ಬೆಳೆದಿರೋದ್ರಲ್ಲೇ ಒಳ್ಳೇದು ಅಂದ್ಲು. ನಲವತ್ತು ವರ್ಷಕ್ಕೆ ಒಂದ್ಸಲ ಬುದ್ಧಿವಂತ ಆಗಿದಾನೆ, ಅವನಿಗೆ ಮಾತ್ರ ಹೇಳ್ಬೇಡ, ತಲೆ ಮೇಲೆ ಕೊಂಬು ಮೂಡುತ್ತೆ ಅಂದ್ಲು."

ಅವನು ನಗುತ್ತಲೇ ಮುಖ ಮುಚ್ಚಿಕೊಂಡ. ಹೆಗಲು ಕುಲುಕುತ್ತಿದ್ದದ್ದು ಯಾವುದಕ್ಕೆ ಎಂದು ನನಗೆ ತಿಳಿಯಲಿಲ್ಲ.

ನಾನು ಚಿತ್ರವನ್ನು ಮತ್ತೆ ಆ ಮುಖದ ಹತ್ತಿರಕ್ಕೆ ತಂದು ನಿಲ್ಲಿಸಿದೆ. "ಇದನ್ನ ಒಂದು ಫೋಟೊ ಮಾಡಿ ಕೊಡ್ಲಾ? ಇಲ್ಲೇ ಪ್ರಿಂಟರ್ ಇದೆ. ಮುಂದಿನ ವಾರ ಇದೂ ಹೋಗುತ್ತೆ."

ಅವನು ಕೈ ಹಿಂದಕ್ಕೆ ತೆಗೆದುಕೊಂಡ. "ಮಾತು ಕೊಟ್ಟಿದೀನಿ ಅವಳಿಗೆ. ಯಾವತ್ತೂ ಫೋಟೊ ತೆಗೆಯಲ್ಲ ಅಂತ. ಕುಡಿಯಲ್ಲ ಅಂತ ಕೊಟ್ಟ ಮಾತು ಮುರಿದೆ, ಛಾವಣಿ ರಿಪೇರಿ ಮಾಡ್ತೀನಿ ಅಂತ ಕೊಟ್ಟಿದ್ದಂತೂ ಲೆಕ್ಕಕ್ಕೇ ಇಲ್ಲ. ಇದೊಂದನ್ನ ಉಳಿಸ್ಕೊಂಡಿದೀನಿ."

ನಾನು ಒತ್ತಾಯ ಮಾಡಲಿಲ್ಲ. ಅಂಗಡಿ ತೆರೆಯುವ ಹೊತ್ತಾಗಿತ್ತು, ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದರು. ಡಚ್ ಎದ್ದ. ಕೊರಳಿನ ಬಿಲ್ಲೆ ತೆಗೆದು ಮೇಜಿನ ಮೇಲೆ ಇಟ್ಟ. ಬಾಗಿಲವರೆಗೆ ಹೋಗಿ, ತಿರುಗಿ ಪರದೆಯನ್ನು ನೋಡಿದ.

"ಫೋಟೊ ತೆಗಿ," ಅಂದ.

"ಡಚ್, ನಿಜವಾಗ್ಲೂನಾ? ಬೈತಾಳೆ ಅವಳು."

"ಬೈಲಿ ಬಿಡೇ," ಅಂದ ಡಚ್. "ಈ ಮುಖದಿಂದ ಬೈಸ್ಕೊಂಡು ಮೂರು ತಿಂಗಳಾಯ್ತು."